ಲೂಕ್ ಕೇಜ್ (ಗುಂಡು ತಾಗದ ಮೈಯ ಕಪ್ಪು ಹೀರೋನ ಮಾರ್ವೆಲ್ ಸೀರೀಸ್) ಎರಡನೇ ಸೀಸನ್ ರೂಮ್‌ಮೇಟ್ ಜೊತೆ ಕೂತು ನೋಡಿದವರು ಇದೀರಾ?

ಹೊಸಬ: ಮೊದಲ ಸೀಸನ್ ಒಬ್ಬನೇ ನೋಡಿ ಮುಗಿಸಿದೆ. ಎರಡನೇದು ರೂಮ್‌ಮೇಟ್ ಜೊತೆ ನೋಡೋ ಪ್ಲ್ಯಾನ್. ಅದರಲ್ಲಿ ಶೇಡ್ಸ್, ಕೊಮ್ಯಾಂಚಿ ಅನ್ನೋ ಇಬ್ಬರು ರೌಡಿಗಳಿಗೆ ಜೈಲಿನಲ್ಲಿ ಪ್ರೇಮಸಂಬಂಧ ಇತ್ತು ಅಂತ ಬರುತ್ತಂತೆ. ನನಗೂ ಗಂಡಸರೇ ಇಷ್ಟ ಅನ್ನೋದು ರೂಮ್‌ಮೇಟ್‌ಗೆ ಗೊತ್ತಿಲ್ಲ. ಮುಖದಲ್ಲೇ ಗೊತ್ತಾಗಿಬಿಡುತ್ತೇನೋ ಅಂತ ಭಯ. ನೀವೇನು ಮಾಡಿದ್ರಿ?

ಮೂಲೆಮನೆ: 2018ರ ಜೂನ್‌ನಲ್ಲಿ, ಬಂದ ವಾರವೇ, ಅಣ್ಣನ ಜೊತೆ ನೋಡಿದೆ. ಹದಿಮೂರು ಕಂತು, ಎರಡೇ ರಾತ್ರಿ. ಶೇಡ್ಸ್, ಕೊಮ್ಯಾಂಚಿ ಇಬ್ಬರೂ ಕೂತು ಹಳೇದು ಮಾತಾಡೋವಾಗ ಅಣ್ಣ "ಇವ್ರ ಮಧ್ಯೆ ಏನೋ ಇದೆ ಕಣೋ" ಅಂದ. ನಾನು ಚುರುಮುರಿ ಪೊಟ್ಟಣದಲ್ಲಿ ಕಡಲೇಬೀಜ ಹುಡುಕ್ತಾ ಕೂತೆ. ಸೆಪ್ಟೆಂಬರ್ 6ಕ್ಕೆ, ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ 377ರ ತೀರ್ಪು ಬಂತು, ಆವತ್ತೂ ಬಾಯಿ ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಸೀರೀಸೇ ನಿಂತೋಯ್ತು.

ಎದೆಗಾರ: ನಾ ಕಥಿ ನೋಡಿದ್ದು ಕಡಿಮಿ, ಕೇಜ್ ಪಾತ್ರ ಮಾಡಿದ ಮೈಕ್ ಕೋಲ್ಟರ್ ಭುಜ ನೋಡಿದ್ದೇ ಹೆಚ್ಚು. ಗುಂಡು ಬಿದ್ದು ಅಂಗಿ ಜರಡಿ ಆಗ್ತದ, ಮೈಗೆ ಗೀರಿಲ್ಲ. ಆ ಮೈ ಬೇಕಂತ ಜಿಮ್‌ಗೆ 18,000, ಪ್ರೋಟೀನ್ ಡಬ್ಬಿ 5,400ರಂಗ ನಾಕು. ಏಳನೇ ತಿಂಗಳಿಗೆ ಬಲಭುಜ ಹೋತು. ಫಿಸಿಯೋ 500ರಂಗ 22 ಸಲ. ಒಟ್ಟು 50,600! ಇನ್ನೂ ಫ್ಯಾನಿನ ಸ್ವಿಚ್ಚಿಗೆ ಎಡಗೈನೇ ಗತಿ.

ಹಾರ್ಲೆಮ್ ಹುಚ್ಚ: ಮೈ ಮೈ ಅಂತ ಸಾಯ್ತೀರಲ್ಲ. ಆ ತೂತುಬಿದ್ದ ಹೂಡಿ ಯಾಕೆ ಅಂತ ಯೋಚನೆ ಮಾಡಿದೀರಾ? 2012ರಲ್ಲಿ ಫ್ಲಾರಿಡಾದಲ್ಲಿ ಟ್ರೇವಾನ್ ಮಾರ್ಟಿನ್ ಗುಂಡೇಟಿಗೆ ಸತ್ತಾಗ ಹಾಕ್ಕೊಂಡಿದ್ದು ಹೂಡಿ. ಹದಿನೇಳು ವರ್ಷದ ಹುಡುಗ. ಗುಂಡು ತಾಗದ ಕಪ್ಪು ಗಂಡಸು ಅಂದ್ರೆ ಅಲ್ಲಿನ ಕಪ್ಪು ಜನಕ್ಕೆ ಬೇರೆಯದೇ ಅರ್ಥ.

ಎದೆಗಾರ: 1972ರ ಕಾಮಿಕ್ಸ್‌ನ್ಯಾಗ ಹಳದಿ ಅಂಗಿ ಎದಿ ಬಿಚ್ಚಿಕೊಂಡು ನಿಂತಿದ್ನಲ್ರೀ, ಅದಕ್ಕೂ ಶೋಕಸಭಾ ಮಾಡೋಣೇನು?

ಹಾರ್ಲೆಮ್ ಹುಚ್ಚ: ನಿಮ್ಮ ಜೊತೆ ಮಾತಾಡಿ ಪ್ರಯೋಜನ ಇಲ್ಲ.

ಕೆಂಪುದಾರ: ಎದೆ ವಿಷಯ ಬಿಡಿ ಮಾರಾಯ್ರೆ. ಸೀಗೇಟ್ ಜೈಲಿನಲ್ಲಿ ಕೇಜ್‌ಗೆ ಹೊಡೆದವರೇ ಶೇಡ್ಸ್, ಕೊಮ್ಯಾಂಚಿ. ಹೊರಗೆ ಬಂದ ಮೇಲೆ ಒಬ್ಬನಿಗೆ ಅವರಿಬ್ಬರ ಪ್ರೀತಿ ಜೈಲಿನಲ್ಲೇ ಮುಗಿದ ಕಥೆ, ಇನ್ನೊಬ್ಬನಿಗೆ ಮುಗಿಯಲೇ ಇಲ್ಲ. ನನಗೂ ಎಂಬಿಎ ಹಾಸ್ಟೆಲಿನಲ್ಲಿ ಒಬ್ಬ ಇದ್ದ. "ಇಲ್ಲಿದ್ದು ಇಲ್ಲಿಗೇ" ಅಂದು ಹೋದ. ಮದುವೆ ಕಾಗದ ಕೊರಿಯರ್‌ನಲ್ಲಿ ಬಂತು, ನನ್ನ ಹೆಸರೂ ತಪ್ಪು. ಹಾಗಾಗಿ ಪೊಲೀಸರಿಗೆ ಸುದ್ದಿ ಕೊಟ್ಟ ಅಂತ ಶೇಡ್ಸ್ ಕೊಮ್ಯಾಂಚಿಗೆ ಗುಂಡು ಹೊಡೆದಾಗ ಟೀವಿ ಬಂದ್ ಮಾಡಿದ್ದೆ. ಪ್ರೀತಿ ಅಂತ ಬಾಯಿ ಬಿಟ್ಟವನೇ ಸಾಯಬೇಕಾ ಯಾವಾಗಲೂ?

ಹೊಸಬ: ಅಯ್ಯೋ! ಇನ್ನೂ ನೋಡಿಲ್ಲ ಅಂದೆನಲ್ರೀ!

ಮೂಲೆಮನೆ: ಶೇಡ್ಸ್ ಗೇ ಅಂತ ಯಾಕೆ ಹಠ? ಮರಾಯಾ ಅನ್ನೋ ಹೆಂಗಸಿನ ಜೊತೆ ಇದ್ದವನು ತಾನೇ?

ಕೆಂಪುದಾರ: ಬೈಸೆಕ್ಷುಯಲ್, ಗಂಡು ಹೆಣ್ಣು ಇಬ್ಬರೂ ಇಷ್ಟ ಆಗುವವರು, ಎನ್ನುವ ಶಬ್ದ ಕೇಳಿಲ್ಲವಾ ನೀವು? ನಾನೆಲ್ಲಿ ಗೇ ಅಂದೆ? ಮತ್ತೆ ಅವಳು ಮರಾಯಾ, ನಾನು ಕರೆದದ್ದು ಮಾರಾಯ್ರೆ, ಎರಡೂ ಒಂದೇ ಅಲ್ಲ.

ಮೂಲೆಮನೆ: ಅದು ನನಗೂ ಗೊತ್ತು ಸ್ವಾಮಿ.

ಬೋಂಡಾಸೂಪ್: ಎದೆಗಾರರೇ, ಆ ಫಿಸಿಯೋ ಹುಬ್ಬಳ್ಳಿಯಲ್ಲಾ? ನನಗೂ ಬಲಭುಜವೇ.