ಫಿಟ್ಸ್ ಔಷಧ ಮತ್ತು ಮಕ್ಕಳ ಕಿಡ್ನಿ: ವೈದ್ಯರಿಗೆ ಕೇಳಿ (ಗುಂಪಿನ ಸಂದೇಶಗಳು)

ಹೊಸನಗರದ ತಾಯಿ: ಮೇಡಂ, ಹಾಸಿಗೆ ಹಿಡಿದಿರುವ ಏಳು ವರ್ಷದ ಮಗನಿಗೆ ಬಹಳ ಕಾಲದಿಂದ ಫಿಟ್ಸ್‌ಗೆಂದು ವ್ಯಾಲ್ಪ್ರೊಯೇಟ್ ಸಿರಪ್ ಕೊಡುತ್ತಿದ್ದೇವೆ, ಊಟವೆಲ್ಲ ಮೂಗಿನ ಕೊಳವೆಯಲ್ಲಿ. ಈಚೆಗೆ ಬಟ್ಟೆ ಬದಲಿಸಲು ತೊಡೆ ಮುಟ್ಟಿದರೆ ಅಳುತ್ತಾನೆ. ಮೂತ್ರದಲ್ಲಿ ಸಕ್ಕರೆ ಕಂಡಿದೆ, ರಕ್ತದಲ್ಲಿ ಸರಿಯಿದೆ. ಕ್ರಿಯಾಟಿನಿನ್ 0.4 ಇರುವುದರಿಂದ ಕಿಡ್ನಿಗೆ ಏನೂ ಆಗಿಲ್ಲ ಎಂದರು.

ಮಕ್ಕಳ ಕಿಡ್ನಿ ತಜ್ಞೆ: ಇದು ಮಧುಮೇಹವಲ್ಲ. ಕ್ರಿಯಾಟಿನಿನ್ ಕಿಡ್ನಿಯ ಸೋಸುವ ಶಕ್ತಿಯನ್ನಷ್ಟೇ ತಿಳಿಸುತ್ತದೆ; ಸೋಸಿದ್ದರಲ್ಲಿ ದೇಹಕ್ಕೆ ಬೇಕಾದ್ದನ್ನು ಮರಳಿ ಹೀರಿಕೊಳ್ಳುವ ಕಿರುನಾಳಗಳು ಸೋತಿದ್ದರೂ ಅದು ಸರಿಯಾಗಿಯೇ ಬರಬಹುದು. ಈ ತೊಂದರೆಗೆ ಫ್ಯಾಂಕೋನಿ ಸಿಂಡ್ರೋಮ್ ಎನ್ನುತ್ತೇವೆ. ವ್ಯಾಲ್ಪ್ರೊಯೇಟ್‌ನಿಂದ ಇದು ಬರುವುದು ಅಪರೂಪ, ಆದರೆ ಬಂದವರಲ್ಲಿ ಹೆಚ್ಚಿನವರು ನಿಮ್ಮ ಮಗನಂತೆ ಮಲಗಿದಲ್ಲೇ ಇರುವ ಮಕ್ಕಳು. ಹೀಗೆ ಮೂತ್ರದಲ್ಲಿ ಫಾಸ್ಫರಸ್ ಸೋರಿಹೋದರೆ ಮೂಳೆ ಮೆತ್ತಗಾಗುತ್ತದೆ. ತೊಡೆಯ ನೋವನ್ನು ಮಳೆಗಾಲದ ಥಂಡಿಯೆಂದು ಬಿಡದೆ ಎಕ್ಸ್‌ರೇ ತೆಗೆಸಿ. ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಸಿಯಂ, ಬೈಕಾರ್ಬನೇಟ್, ಯೂರಿಕ್ ಆಸಿಡ್ ತಕ್ಷಣ ನೋಡಿಸಿ. ಸಿರಪ್ಪನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಬಿಡದೆ ಬಂದು ಜೀವಕ್ಕೇ ಕುತ್ತಾಗಬಹುದು. ನರರೋಗ ತಜ್ಞರು ಔಷಧ ಬದಲಿಸಿದ ಮೇಲೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕಿರುನಾಳಗಳು ಚೇತರಿಸಿಕೊಳ್ಳುತ್ತವೆ.

ಸಾಗರದ ಸದಸ್ಯರು: ಫಿಟ್ಸ್‌ಗೆ ಕೊಡುವ ಟೋಪಿರಾಮೇಟ್‌ನಿಂದ ಕಿಡ್ನಿಯಲ್ಲಿ ಕಲ್ಲಾಗುತ್ತದೆಯೇ?

ತಜ್ಞೆ: ಆಗಬಹುದು. ನೀರು ಚೆನ್ನಾಗಿ ಕುಡಿಸಿ. ಕೀಟೋಜೆನಿಕ್ ಪಥ್ಯವೂ (ಫಿಟ್ಸ್ ತಡೆಯಲು ಕೊಡುವ, ಕೊಬ್ಬು ಹೆಚ್ಚಿರುವ ಆಹಾರ) ಇದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ.

ಭದ್ರಾವತಿಯ ಸದಸ್ಯರು: ಟೋಪಿರಾಮೇಟ್ ಕೊಟ್ಟರೆ ಕಲ್ಲಾಗುತ್ತದಂತೆ, ನಿಜವೇ?

ತಜ್ಞೆ: ಮೇಲೆ ಓದಿ.

ತೀರ್ಥಹಳ್ಳಿಯ ತಂದೆ: ಫಿಟ್ಸ್‌ನ ಇನ್ನೊಂದು ಔಷಧ ಲೆವೆಟಿರಾಸೆಟಮ್ ಕಿಡ್ನಿಗೆ ಸುರಕ್ಷಿತವೇ, ಮೇಡಂ?

ಕೊಪ್ಪದ ಸದಸ್ಯರು: ಧಾರೆಹುಳಿಯ (ಸ್ಟಾರ್ ಫ್ರೂಟ್) ರಸವನ್ನು ಖಾಲಿ ಹೊಟ್ಟೆಯಲ್ಲಿ ಕುಡಿಸಿದರೆ ಕಿಡ್ನಿ ಶುದ್ಧವಾಗುತ್ತದೆಂಬ ಸಂದೇಶ ಬಂದಿದೆ. ಆ ತಾಯಿಗೆ ಉಪಯೋಗವಾಗಲೆಂದು ಹಾಕುತ್ತಿದ್ದೇನೆ.

ತಜ್ಞೆ: ದಯವಿಟ್ಟು ಅಳಿಸಿ. ಕಿಡ್ನಿ ಸೋತವರಿಗೆ ಧಾರೆಹುಳಿಯ ವಿಷಾಂಶ ಮಿದುಳಿಗೇರಿ ಬಿಕ್ಕಳಿಕೆ, ಗೊಂದಲ, ಕೊನೆಗೆ ಫಿಟ್ಸನ್ನೇ ತರುತ್ತದೆ. ಅದೇ ಜಾತಿಯ ಬಿಂಬುಳಿಯ ರಸ ಕುಡಿದು, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶದಿಂದ ಕಿಡ್ನಿ ಕೆಡಿಸಿಕೊಂಡವರು ಕೇರಳದಲ್ಲಿದ್ದಾರೆ.

ಕೊಪ್ಪದ ಸದಸ್ಯರು: ನಮ್ಮಜ್ಜಿ ಜೀವಮಾನವಿಡೀ ತಿಂದರು, ಏನೂ ಆಗಲಿಲ್ಲ.

ಸಾಗರದ ಸದಸ್ಯರು: ಅಜ್ಜಿ ಉಪ್ಪು ಹಚ್ಚಿ ಎರಡು ಹೋಳು ತಿಂದಿರಬಹುದು. ಲೋಟಗಟ್ಟಲೆ ಕುಡಿದಿದ್ದರೇ?

ಕೊಪ್ಪದ ಸದಸ್ಯರು: ಇಂಗ್ಲಿಷ್ ಔಷಧದಿಂದ ಕಿಡ್ನಿ ಕೆಡುತ್ತದೆಂದು ಡಾಕ್ಟರೇ ಒಪ್ಪಿದ್ದಾರಲ್ಲ, ಅದನ್ನು ಯಾರೂ ಅಳಿಸಿ ಎನ್ನುವುದಿಲ್ಲ!

ಸಾಗರದ ಸದಸ್ಯರು: ನಿಮಗೆ ಓದಲು ಬರುತ್ತದೆಯೋ ಇಲ್ಲವೋ?

ತಜ್ಞೆ: ಆ ಔಷಧಕ್ಕೆ ಅಳತೆಯಿದೆ, ಪರೀಕ್ಷೆಯಿದೆ; ನಿಮ್ಮ ರಸಕ್ಕೆ ಎರಡೂ ಇಲ್ಲ. ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಹೊಸನಗರದ ತಾಯಿ: ಮೇಡಂ, ಫಾಸ್ಫರಸ್ 1.8 ಬಂದಿದೆ.

ತಜ್ಞೆ: ಈ ವಯಸ್ಸಿಗೆ ಅದು ತೀರಾ ಕಡಿಮೆ. ಇವತ್ತೇ ಶಿವಮೊಗ್ಗಕ್ಕೆ ಹೊರಡಿ, ಮಗುವನ್ನು ಎತ್ತುವಾಗ ಕಾಲು ಎಳೆಯಬೇಡಿ, ರಾತ್ರಿಯ ಡೋಸ್ ತಪ್ಪಿಸಬೇಡಿ.