ಪೈ ಚಾರ್ಟ್‌ನ ಹೋಳು ಮುಟ್ಟಿದಾಗ ವಿವರ ತೋರಿಸುವುದು ಹೇಗೆ? ಕನ್ನಡದ ಹೆಸರುಗಳೂ ತುಂಡಾಗುತ್ತಿವೆ

ಪ್ರಶ್ನೆ: ತೋಟದಲೆಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕೃಷಿ ಪತ್ತಿನ ಸಹಕಾರ ಸಂಘದ ಖರ್ಚುವೆಚ್ಚಗಳನ್ನು ಸದಸ್ಯರು ಮೊಬೈಲಿನಲ್ಲೇ ನೋಡುವಂತಾಗಲೆಂದು ಒಂದು ಸಣ್ಣ ವೆಬ್ ಅಪ್ಲಿಕೇಶನ್ ಸಿದ್ಧಪಡಿಸುತ್ತಿದ್ದೇನೆ. ವಾರ್ಷಿಕ ಮಹಾಸಭೆಯಲ್ಲಿ ಹಂಚುವ ವರದಿ ಪುಸ್ತಕದಲ್ಲಿ ಅಂಕಿಗಳ ಸಾಲುಗಳಷ್ಟೇ ಇರುವುದರಿಂದ ಹೆಚ್ಚಿನವರು ಅದನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಹೋಗಿಬಿಡುತ್ತಾರೆ. ತಮ್ಮ ದುಡ್ಡು ಯಾವ ಬಾಬತ್ತಿಗೆ ಎಷ್ಟು ಹೋಯಿತೆಂಬುದು ಅವರಿಗೆ ಒಂದು ನೋಟಕ್ಕೆ ತಿಳಿಯಬೇಕೆಂಬುದು ನನ್ನ ಆಸೆ. ಅದಕ್ಕಾಗಿ ತಿಂಗಳುವಾರು ಖರ್ಚನ್ನು ಪೈ ಚಾರ್ಟ್ ರೂಪದಲ್ಲಿ, ಅಂದರೆ ಶಾಲೆಯಲ್ಲಿ ವೃತ್ತ ನಕ್ಷೆ ಎಂದು ಕಲಿತ ರೂಪದಲ್ಲಿ, ವೆಬ್ ಪುಟದಲ್ಲಿ ನಕ್ಷೆ ಬರೆಯುವ ಚಾರ್ಟ್.ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ 2ನೇ ಆವೃತ್ತಿ ಬಳಸಿ ತೋರಿಸಿದ್ದೇನೆ.

ಮೂರು ತೊಂದರೆಗಳಿವೆ. ತಿಂಗಳು ಬದಲಾಯಿಸಿದಾಗ ಹೊಸ ಚಿತ್ರ ಬರುತ್ತದೆಯಾದರೂ ಅದರ ಮೇಲೆ ಮೌಸ್ ಆಡಿಸಿದೊಡನೆ ಹಿಂದಿನ ತಿಂಗಳಿನ ಚಿತ್ರ ಮಿನುಗಿ ಮರೆಯಾಗುತ್ತದೆ. ಹೋಳನ್ನು ಒತ್ತಿದರೆ ಆ ಬಾಬತ್ತಿನ ವೋಚರುಗಳ ಪುಟ ತೆರೆಯುವಂತೆ ಮಾಡಿದ್ದೇನೆ, ಆದರೆ ಮೊಬೈಲಿನಲ್ಲಿ ಮೊತ್ತವನ್ನು ಓದಿ ಮುಗಿಸುವ ಮೊದಲೇ ಪುಟ ಬದಲಾಗುತ್ತದೆ. ಕೊನೆಯದಾಗಿ, ಹೋಳುಗಳ ಕನ್ನಡ ಹೆಸರುಗಳು ಮೊದಲ ಸಲ ಪುಟ ತೆರೆದಾಗ ಬೇರೆ ಯಾವುದೋ ಫಾಂಟಿನಲ್ಲಿ ಕಾಣಿಸಿ, ಪುಟವನ್ನು ರಿಫ್ರೆಶ್ ಮಾಡಿದ ನಂತರವಷ್ಟೇ ಸರಿಯಾಗುತ್ತವೆ; ಉದ್ದನೆಯ ಹೆಸರುಗಳನ್ನು ಚಿಕ್ಕದಾಗಿಸಲು ಹೋದರೆ ಕೊನೆಯ ಅಕ್ಷರ ವಿಚಿತ್ರವಾಗಿ ತುಂಡಾಗುತ್ತದೆ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಶರಾವತಿತೀರ

ನಿಮ್ಮ ಮೊದಲ ತೊಂದರೆಗೆ ಕಾರಣ, ತಿಂಗಳು ಬದಲಾದಾಗಲೆಲ್ಲ ಅದೇ ಕ್ಯಾನ್ವಾಸಿನ (ಪುಟದಲ್ಲಿ ಚಿತ್ರ ಬರೆಯುವ ಚೌಕದ) ಮೇಲೆ ಹೊಸ ಚಾರ್ಟನ್ನು ಸೃಷ್ಟಿಸುತ್ತಿರುವುದು. ಹಳೆಯದು ಕಣ್ಣಿಗೆ ಕಾಣದಿದ್ದರೂ ಇನ್ನೂ ಜೀವಂತವಾಗಿದ್ದು, ಮೌಸಿನ ಚಲನೆಗೆ ಓಗೊಟ್ಟು ತನ್ನನ್ನು ತಾನೇ ಮತ್ತೆ ಬರೆದುಕೊಳ್ಳುತ್ತದೆ. ಚಾರ್ಟನ್ನು ಒಂದೇ ಸಲ ಸೃಷ್ಟಿಸಿ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ತಿಂಗಳು ಬದಲಾದಾಗ ಅದರೊಳಗಿನ ಹೆಸರುಗಳನ್ನೂ ಸಂಖ್ಯೆಗಳನ್ನೂ ಬದಲಿಸಿ ಅಪ್‌ಡೇಟ್ ಎಂಬ ಮೆಥಡ್ ಅನ್ನು ಕರೆಯಿರಿ. ಹೊಸದನ್ನೇ ಸೃಷ್ಟಿಸಬೇಕಾದ ಅನಿವಾರ್ಯವಿದ್ದರೆ ಮೊದಲು ಹಳೆಯದನ್ನು ಅಳಿಸುವ ಡೆಸ್ಟ್ರಾಯ್ ಮೆಥಡ್ ಅನ್ನು ಕರೆಯಬೇಕು. ಹೊಸ ಆವೃತ್ತಿಗಳಲ್ಲಿ ಈ ತಪ್ಪು ಹೀಗೆ ಮಿನುಗುವುದಿಲ್ಲ, ಕ್ಯಾನ್ವಾಸ್ ಈಗಾಗಲೇ ಬಳಕೆಯಲ್ಲಿದೆ ಎಂಬ ಎರರ್ ನೇರವಾಗಿಯೇ ಬರುತ್ತದೆ. 4ನೇ ಆವೃತ್ತಿ 2022ರಲ್ಲೇ ಬಂದಿರುವುದರಿಂದ ಕೆಲಸ ಬೆಳೆಯುವ ಮೊದಲೇ ಅದಕ್ಕೆ ಬದಲಾಯಿಸಿಕೊಳ್ಳುವುದು ಲೇಸು. 3ನೇ ಆವೃತ್ತಿಯಿಂದೀಚೆಗೆ ಲೈಬ್ರರಿಯನ್ನು ಇಂಪೋರ್ಟ್ ಮಾಡಿ ಬಳಸುವಾಗ ಬೇಕಾದ ಭಾಗಗಳನ್ನು ನಾವೇ ರಿಜಿಸ್ಟರ್ ಮಾಡಬೇಕಾಗಿದೆ ಎಂಬುದು ನೆನಪಿರಲಿ. ಹೋಳು ಬರೆಯುವ ಆರ್ಕ್ ಭಾಗವನ್ನು ಮರೆತರೆ ಚಿತ್ರವೇ ಮೂಡುವುದಿಲ್ಲ. ಆಟೋ ಎಂಬ ಕಡತವನ್ನು ಇಂಪೋರ್ಟ್ ಮಾಡಿಕೊಂಡರೆ ಎಲ್ಲವೂ ತಾನಾಗಿ ರಿಜಿಸ್ಟರ್ ಆಗುತ್ತವೆ.

ಎರಡನೆಯದರ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಹೋಳು ಮುಟ್ಟಿದರೆ ಪುಟ ಬದಲಾಗಬಾರದು. ಕಂಪ್ಯೂಟರಿನಲ್ಲಿ ಮೌಸ್ ಹೋಳಿನ ಮೇಲೆ ಬಂದಾಗ ಮೊತ್ತ ಕಾಣುತ್ತದೆ, ಒತ್ತಿದಾಗ ಬೇರೆ ಕೆಲಸ ನಡೆಯುತ್ತದೆ; ಹೀಗೆ ಅಲ್ಲಿ ಎರಡು ಹಂತಗಳಿವೆ. ಬೆರಳಿಗೆ ಇರುವುದು ಒಂದೇ ಹಂತ. ಆದ್ದರಿಂದ ಮುಟ್ಟಿದ ಹೋಳಿನ ಹೆಸರು, ಮೊತ್ತ, ಶೇಕಡಾವಾರು ಪ್ರಮಾಣಗಳನ್ನು ಚಾರ್ಟಿನ ಕೆಳಗೆ ಒಂದು ಚೌಕದಲ್ಲಿ ತೋರಿಸಿ, ಆ ಚೌಕದೊಳಗೆ ವೋಚರುಗಳನ್ನು ನೋಡುವ ಗುಂಡಿ ಇಡಿ. ಕ್ಲಿಕ್ ಆದಾಗ ಚಾರ್ಟ್.ಜೆಎಸ್ ಮುಟ್ಟಲ್ಪಟ್ಟ ಭಾಗಗಳ ಪಟ್ಟಿಯನ್ನು ಕೊಡುತ್ತದೆ. ಹೋಳುಗಳ ಆಚೆ ಖಾಲಿ ಜಾಗದಲ್ಲಿ ಬೆರಳು ಬಿದ್ದರೆ ಆ ಪಟ್ಟಿ ಬರಿದಾಗಿರುತ್ತದೆ, ಅದನ್ನು ಪರೀಕ್ಷಿಸದೆ ಮುಂದುವರಿದರೆ ಅಲ್ಲೊಂದು ಎರರ್ ಕಾದಿರುತ್ತದೆ.

ಇನ್ನೊಂದು ಮಾತು. ಲೆಜೆಂಡಿನಲ್ಲಿ, ಅಂದರೆ ಯಾವ ಬಣ್ಣ ಯಾವ ಬಾಬತ್ತು ಎಂದು ಹೇಳುವ ಪಟ್ಟಿಯಲ್ಲಿ, ಇರುವ ಹೆಸರನ್ನು ಒತ್ತಿದರೆ ಆ ಹೋಳು ಮರೆಯಾಗಿ ಉಳಿದವು ಹಿಗ್ಗಿ ವೃತ್ತವನ್ನು ತುಂಬಿಕೊಳ್ಳುತ್ತವೆ. ನೀವು ಶೇಕಡಾವಾರನ್ನು ಒಟ್ಟು ಮೊತ್ತದಿಂದಲೇ ಲೆಕ್ಕ ಹಾಕುತ್ತಿದ್ದರೆ ಆಗ ಚಿತ್ರ ಒಂದು ಹೇಳುತ್ತದೆ, ಅಂಕಿ ಇನ್ನೊಂದು ಹೇಳುತ್ತದೆ. ಸಂಘದ ಲೆಕ್ಕದಲ್ಲಿ ಒಂದು ಬಾಬತ್ತನ್ನು ಮರೆಮಾಡುವ ಅಗತ್ಯ ಯಾರಿಗೂ ಇರಲಾರದಾದ್ದರಿಂದ ಆ ಸೌಲಭ್ಯವನ್ನು ತೆಗೆದುಹಾಕುವುದೇ ಸರಿ.

ಉತ್ತರ 2: ಒತ್ತಕ್ಷರ

ಕನ್ನಡದ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದೇ ಕಷ್ಟದಲ್ಲಿ ನಾನೂ ಹಲವು ದಿನ ಸಿಲುಕಿದ್ದೆ.

ಸಾಮಾನ್ಯ ಎಚ್‌ಟಿಎಂಎಲ್ ಪಠ್ಯವಾದರೆ ಫಾಂಟ್ ತಡವಾಗಿ ಬಂದರೂ ಬ್ರೌಸರ್ ಅದನ್ನು ಹೊಸ ಫಾಂಟಿನಲ್ಲಿ ಮತ್ತೆ ಬರೆಯುತ್ತದೆ. ಕ್ಯಾನ್ವಾಸ್ ಹಾಗಲ್ಲ, ಅದು ಗೋಡೆಗೆ ಬಳಿದ ಬಣ್ಣದಂತೆ, ಬರೆದ ಕ್ಷಣದಲ್ಲಿ ಯಾವ ಫಾಂಟ್ ಸಿಕ್ಕಿತೋ ಅದರಲ್ಲೇ ಉಳಿಯುತ್ತದೆ. ರಿಫ್ರೆಶ್ ಮಾಡಿದಾಗ ಸರಿಯಾಗುವುದು ಫಾಂಟ್ ಅಷ್ಟರಲ್ಲಿ ಬ್ರೌಸರಿನ ಸಂಗ್ರಹದಲ್ಲಿ ಇರುವುದರಿಂದ. ಹಾಗಾಗಿ ಫಾಂಟ್ ಬಂದ ಮೇಲೆಯೇ ಚಾರ್ಟ್ ಬರೆಯಬೇಕು. ಇದಕ್ಕೆ ಬ್ರೌಸರಿನಲ್ಲೇ ಫಾಂಟ್ ಲೋಡ್ ಮಾಡಿಸುವ ಮೆಥಡ್ ಇದೆ, ಆದರೆ ಅದರಲ್ಲಿ ಕನ್ನಡಿಗರು ಗಮನಿಸಲೇಬೇಕಾದ ಒಂದು ಸೂಕ್ಷ್ಮವಿದೆ. ನೋಟೋ ಸಾನ್ಸ್ ಕನ್ನಡದಂತಹ ಫಾಂಟನ್ನು ಗೂಗಲ್ ಫಾಂಟ್ಸ್‌ನಿಂದ ತಂದಾಗ ಅದು ಲ್ಯಾಟಿನ್ ಮತ್ತು ಕನ್ನಡ ಎಂದು ಬೇರೆಬೇರೆ ಕಡತಗಳಾಗಿ ಬರುತ್ತದೆ, ಮತ್ತು ಯಾವ ಲಿಪಿಯ ಅಕ್ಷರ ಬೇಕಾಯಿತೋ ಆ ಕಡತ ಮಾತ್ರ ಇಳಿಯುತ್ತದೆ. ಲೋಡ್ ಮಾಡಿಸುವಾಗ ಎರಡನೆಯ ಆರ್ಗ್ಯುಮೆಂಟ್ ಆಗಿ ಪಠ್ಯವನ್ನು ಕೊಡದಿದ್ದರೆ ಬ್ರೌಸರ್ ಒಂದು ಖಾಲಿ ಸ್ಪೇಸ್ ಅಕ್ಷರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಫಾಂಟ್ ಬಂತು ಎಂಬ ಉತ್ತರ ದೊರೆತರೂ ಕನ್ನಡದ ಕಡತ ಬಂದಿರುವುದೇ ಇಲ್ಲ. ಅಲ್ಲಿ ನಿಮ್ಮ ಬಾಬತ್ತುಗಳ ಹೆಸರನ್ನೇ ಕೊಡಿ. ಚಾರ್ಟಿನ ಶೀರ್ಷಿಕೆ ದಪ್ಪ ಅಕ್ಷರದಲ್ಲಿದ್ದರೆ ಆ ದಪ್ಪದ ಫಾಂಟಿಗೂ ಪ್ರತ್ಯೇಕವಾಗಿ ಇದೇ ಕೆಲಸ ಮಾಡಬೇಕು.

ಹೆಸರು ತುಂಡಾಗುವುದಕ್ಕೆ ಕಾರಣ, ನೀವು ಎಣಿಸುತ್ತಿರುವುದು ಅಕ್ಷರಗಳನ್ನಲ್ಲ, ಯುನಿಕೋಡ್ ಸಂಕೇತಗಳನ್ನು. ‘ಸಿಬ್ಬಂದಿ’ ಎಂಬುದು ನಮಗೆ ಮೂರು ಅಕ್ಷರ, ಜಾವಾಸ್ಕ್ರಿಪ್ಟಿಗೆ ಎಂಟು ಸಂಕೇತ. ಮೊದಲ ನಾಲ್ಕನ್ನು ಉಳಿಸಿಕೊಂಡರೆ ಸಿಗುವುದು ‘ಸಿಬ್’. ಒತ್ತು ಕಳಚಿ ಅರ್ಧಾಕ್ಷರದ ಚಿಹ್ನೆ (ಹಲಂತ) ಬಯಲಾಗುತ್ತದೆ. ಹೆಸರನ್ನು ಕತ್ತರಿಸುವುದೇ ಬೇಡ ಎಂಬುದು ನನ್ನ ಸಲಹೆ. ಪದಗಳ ನಡುವೆ ಒಡೆದು ಅರೇ (ಪಟ್ಟಿ) ಆಗಿ ಕೊಟ್ಟರೆ ಚಾರ್ಟ್.ಜೆಎಸ್ ಟೂಲ್‌ಟಿಪ್‌ನಲ್ಲಿ, ಅಂದರೆ ಹೋಳಿನ ಮೇಲೆ ಮೂಡುವ ಸಣ್ಣ ವಿವರ ಚೌಕದಲ್ಲಿ, ಎರಡು ಸಾಲಾಗಿ ಬರೆಯುತ್ತದೆ. ಅದರ ಸಾಲಿನ ಎತ್ತರ ಮೊದಲಿಗೆ 1.2 ಇರುತ್ತದೆ, ಅದು ಇಂಗ್ಲಿಷಿಗೆ ಸಾಕು. ನಮ್ಮಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.5ಕ್ಕೆ ಏರಿಸಿದರೆ ಓದಲು ಹಿತವಾಗುತ್ತದೆ. ಲೆಜೆಂಡನ್ನಂತೂ ಕ್ಯಾನ್ವಾಸಿನಿಂದ ಹೊರಗೆ ತಂದು ಸಾಮಾನ್ಯ ಎಚ್‌ಟಿಎಂಎಲ್ ಗುಂಡಿಗಳಾಗಿ ಮಾಡಿದರೆ ಕನ್ನಡದ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಉತ್ತರ 3: ಬಿಳಿಹಾಳೆ

ಲೆಜೆಂಡನ್ನು ಹಾಗೆ ಹೊರಗೆ ತರುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನಿಮ್ಮ ಸದಸ್ಯರಲ್ಲಿ ದೃಷ್ಟಿ ಮಂದವಾದ ಹಿರಿಯರು ಇದ್ದೇ ಇರುತ್ತಾರೆ. ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಕ್ಯಾನ್ವಾಸ್ ಒಂದು ಮೂಕ ಚೌಕ, ಅದರೊಳಗಿನ ಒಂದು ಹೋಳೂ ಅದಕ್ಕೆ ಕಾಣುವುದಿಲ್ಲ. ಲೆಜೆಂಡ್ ನಿಜವಾದ ಗುಂಡಿಗಳಾಗಿದ್ದರೆ ಕೀಬೋರ್ಡಿನಿಂದಲೂ ತಲುಪಬಹುದು, ಧ್ವನಿಯಲ್ಲೂ ಕೇಳಬಹುದು, ಬೆರಳಿಗೆ ಸಿಗದಷ್ಟು ಸಣ್ಣ ಹೋಳನ್ನೂ ಅಲ್ಲಿಂದಲೇ ಆರಿಸಬಹುದು. ಚಾರ್ಟಿನ ಕೆಳಗೆ ಅದೇ ಅಂಕಿಗಳ ಕೋಷ್ಟಕವನ್ನು ಕಡ್ಡಾಯವಾಗಿ ಇಡಿ. ಕೆಂಪು ಹಸಿರುಗಳನ್ನು ಅಕ್ಕಪಕ್ಕದ ಹೋಳುಗಳಿಗೆ ಬಳಸಬೇಡಿ. ಆ ಎರಡರ ವ್ಯತ್ಯಾಸ ಕಾಣದವರು ಪ್ರತಿ ಊರಿನಲ್ಲೂ ಇದ್ದಾರೆ.

ಸಣ್ಣ ಬಾಬತ್ತುಗಳು ಹತ್ತಾರಿದ್ದರೆ ದೊಡ್ಡ ಐದಾರನ್ನು ಉಳಿಸಿ ಮಿಕ್ಕವನ್ನು ‘ಇತರೆ’ಗೆ ಸೇರಿಸಿ, ‘ಇತರೆ’ಯನ್ನು ಮುಟ್ಟಿದಾಗ ಅದರ ಒಳವಿವರ ತೆರೆಯಲಿ. ಎರಡು ತಿಂಗಳುಗಳನ್ನು ಹೋಲಿಸಲು ಎರಡು ಪೈ ಚಾರ್ಟುಗಳನ್ನು ಪಕ್ಕಪಕ್ಕ ಇಡುವ ಆಸೆ ಬಂದರೆ ದಯವಿಟ್ಟು ಬಿಟ್ಟುಬಿಡಿ. ಕೋನಕ್ಕಿಂತ ಒಂದೇ ಅಳತೆರೇಖೆಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಸರಿಯಾಗಿ ಅಳೆಯುತ್ತದೆ ಎಂಬುದನ್ನು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ಹೋಲಿಕೆಗೆ ಸ್ತಂಭ ನಕ್ಷೆಯೇ ತಕ್ಕದ್ದು.

ಉತ್ತರ 4: ಕಡತಪಾಲ

ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಸರಬರಾಜುದಾರರು ಹಿಂತಿರುಗಿಸಿದ ಹಣವನ್ನು ಖರ್ಚಿನ ಬಾಬತ್ತಿನಲ್ಲೇ ಋಣ ಸಂಖ್ಯೆಯಾಗಿ ನಮೂದಿಸುವ ಪದ್ಧತಿ ನಿಮ್ಮಲ್ಲಿದ್ದರೆ, ಚಾರ್ಟ್.ಜೆಎಸ್ ಅದರ ಚಿಹ್ನೆಯನ್ನು ಕೈಬಿಟ್ಟು ಧನ ಸಂಖ್ಯೆಯಂತೆಯೇ ಹೋಳು ಬರೆಯುತ್ತದೆ. ಬಂದ ಹಣ ಹೋದ ಹಣವಾಗಿ ಕಾಣುತ್ತದೆ, ಯಾವ ಎರರೂ ಬರುವುದಿಲ್ಲ. ಚಾರ್ಟಿಗೆ ಕೊಡುವ ಮೊದಲೇ ಅಂಥವನ್ನು ಬೇರ್ಪಡಿಸಿ. ಮುಂದೆಂದಾದರೂ ಎಸ್‌ವಿಜಿಯಲ್ಲಿ (ವೆಬ್ ಪುಟದಲ್ಲಿ ಗೆರೆಗಳಿಂದ ಚಿತ್ರ ಬರೆಯುವ ಇನ್ನೊಂದು ವಿಧಾನದಲ್ಲಿ) ಕೈಯಾರೆ ಹೋಳು ಬರೆಯಲು ಹೊರಟರೆ, ಇಡೀ ತಿಂಗಳಿಗೆ ಒಂದೇ ಬಾಬತ್ತು ಇರುವ ಸಂದರ್ಭವನ್ನು ಪರೀಕ್ಷಿಸಿ: ಕಂಸದ ಆರಂಭ ಮತ್ತು ಅಂತ್ಯದ ಬಿಂದು ಒಂದೇ ಆದಾಗ ಬ್ರೌಸರ್ ಏನನ್ನೂ ಬರೆಯುವುದಿಲ್ಲವಾದ್ದರಿಂದ ಶೇ. 100ರ ಹೋಳು ಪೂರ್ತಿ ಮಾಯವಾಗುತ್ತದೆ. ಆಗ ಪೂರ್ಣ ವೃತ್ತವನ್ನೇ ಬರೆಯಬೇಕು.

ತೋಟದಲೆಕ್ಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. 4ನೇ ಆವೃತ್ತಿಗೆ ಬದಲಾಯಿಸಿಕೊಂಡು ಅಪ್‌ಡೇಟ್ ಬಳಸಿದ ಮೇಲೆ ಮಿನುಗುವಿಕೆ ನಿಂತಿತು. ಫಾಂಟ್ ಲೋಡ್ ಮಾಡಿಸುವಾಗ ‘ಸಿಬ್ಬಂದಿ ವೇತನ’ ಎಂದು ಕೊಟ್ಟೊಡನೆ ಹೆಸರುಗಳೂ ಮೊದಲ ಸಲವೇ ಸರಿಯಾಗಿ ಬಂದವು. ಕಡತಪಾಲರು ಹೇಳಿದಂತೆ ಹುಡುಕಿದಾಗ ಎರಡು ಋಣ ನಮೂದುಗಳು ಸಿಕ್ಕವು, ಅವನ್ನು ಈಗ ಆದಾಯದ ಕಡೆ ತೋರಿಸುತ್ತಿದ್ದೇನೆ. ಉಳಿದಿರುವುದು ಒಂದೇ ಸಂದೇಹ: ಶೇಕಡಾವಾರುಗಳನ್ನು ಪೂರ್ಣಾಂಕಕ್ಕೆ ತಂದಾಗ ಕೆಲವು ತಿಂಗಳು ಒಟ್ಟು 99 ಆಗುತ್ತದೆ. ಲೆಕ್ಕ ತಪ್ಪಿದೆಯೆಂದು ಸದಸ್ಯರು ಭಾವಿಸಿದರೆ ನಂಬಿಕೆಯೇ ಹೋಗುತ್ತದೆ.

ಉತ್ತರ 5: ಒತ್ತಕ್ಷರ

45.4, 30.3, 24.3 ಎಂಬ ಮೂರು ಪಾಲುಗಳನ್ನು ತೆಗೆದುಕೊಳ್ಳಿ; ಒಟ್ಟು 100 ಇದ್ದರೂ ಪೂರ್ಣಾಂಕಕ್ಕೆ ತಂದಾಗ 45, 30, 24 ಆಗಿ 99 ಉಳಿಯುತ್ತದೆ. ಕೈಬಿಟ್ಟ ಭಿನ್ನಾಂಶ ಯಾವುದರಲ್ಲಿ ಹೆಚ್ಚಿದೆಯೋ ಅದಕ್ಕೆ ಉಳಿದ ಒಂದನ್ನು ಸೇರಿಸುವುದು ರೂಢಿಯಲ್ಲಿರುವ ವಿಧಾನ, ಅದರಂತೆ ಮೊದಲನೆಯದು 46 ಆಗುತ್ತದೆ. ಆದರೆ ಸಂಘದ ಲೆಕ್ಕದಲ್ಲಿ 45.4 ಇದ್ದುದನ್ನು 46 ಎಂದು ತೋರಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ದಶಮಾಂಶದ ಒಂದು ಸ್ಥಾನ ಉಳಿಸಿಕೊಳ್ಳಿ, ರೂಪಾಯಿಯ ಮೊತ್ತವನ್ನು ದೊಡ್ಡ ಅಕ್ಷರದಲ್ಲೂ ಶೇಕಡಾವಾರನ್ನು ಅದರ ಕೆಳಗೆ ಚಿಕ್ಕದಾಗಿಯೂ ಬರೆಯಿರಿ, ಕೋಷ್ಟಕದ ಕೊನೆಯಲ್ಲಿ ರೂಪಾಯಿಗಳ ಒಟ್ಟು ಮೊತ್ತವನ್ನು ತಪ್ಪದೆ ಕೊಡಿ. ಸದಸ್ಯರು ಕೂಡಿ ನೋಡುವುದು ರೂಪಾಯಿಯನ್ನೇ. ಸಂಖ್ಯೆಯ ಫಾರ್ಮ್ಯಾಟಿಗೆ ಭಾರತೀಯ ಇಂಗ್ಲಿಷ್ ಲೊಕೇಲ್ (ಭಾಷೆ-ಪ್ರದೇಶದ ಆಯ್ಕೆ) ಬಳಸಿದರೆ 12,34,567 ಎಂದು ಲಕ್ಷದ ಲೆಕ್ಕದಲ್ಲೇ ಅಲ್ಪವಿರಾಮಗಳು ಬರುತ್ತವೆ.