ಸಹಾಯ ಬೇಕು: ಏಳನೇ ತರಗತಿಗೆ ನಿಘಂಟು, ಪದಸೂಚಿ ನೋಡಲು ಕಲಿಸುವ ಚೀಟಿಗಳು

ನಮಸ್ಕಾರ. 36 ಮಕ್ಕಳು, ವಾರಕ್ಕೆ 40 ನಿಮಿಷದ ಒಂದೇ ಲೈಬ್ರರಿ ಪೀರಿಯಡ್. ನಾಲ್ಕು ಮಕ್ಕಳಿಗೊಂದು ಕನ್ನಡ ನಿಘಂಟು, ಗುಂಪಿಗೆ ಹತ್ತು ಪದಗಳ ಚೀಟಿ.

ತೊಡಕು ಇರೋದು ಅಕ್ಷರಗಳ ಅನುಕ್ರಮದಲ್ಲಿ. ವರ್ಣಮಾಲೆ ಬಾಯಿಪಾಠ, ಆದರೆ ‘ಕ್ಷಮೆ’ ಹುಡುಕಿ ಅಂದರೆ ಸೀದಾ ಕೊನೆಯ ಪುಟಗಳಿಗೆ ಹೋಗುತ್ತಾರೆ. ಗೋಡೆ ಚಾರ್ಟಿನಲ್ಲಿ ಕ್ಷ, ಜ್ಞ ಎರಡೂ ‘ಳ’ ಆದಮೇಲೆ ಇರುತ್ತವಲ್ಲ! ನಿಘಂಟಿನಲ್ಲಿ ಕ್ಷಮೆ ಇರುವುದು ಕಕಾರದ ತುದಿಯಲ್ಲಿ, ಕ್ರ, ಕ್ಲ ದಾಟಿ. ಜ್ಞಾನ ಇರುವುದು ಜಕಾರದಲ್ಲಿ. ಒತ್ತಕ್ಷರ ಬರುವುದು ಕಾಗುಣಿತವೆಲ್ಲ ಮುಗಿದ ಮೇಲೆ, ಹಾಗಾಗಿ ಅಕಾಲ ಮೊದಲು, ಅಕ್ಕಿ ಆಮೇಲೆ. ಇದನ್ನು ಬೋರ್ಡಿನ ಮೇಲೆ ವಿವರಿಸಿದರೆ ತಲೆಗೆ ಹತ್ತುವುದಿಲ್ಲ, ಚೀಟಿ ಜೋಡಿಸಿಯೇ ಕಲಿಯಬೇಕು.

ಕಪಾಟಿನ ಕಡೆ ಇನ್ನೊಂದು ಪೇಚು. ‘ಗುಬ್ಬಚ್ಚಿ’ ಅನ್ನೋ ಹೆಸರಿನ ಪುಸ್ತಕವೇ ಬೇಕು ಅಂತ ಹುಡುಕಿ, ಸಿಗದೆ ಕೈಬಿಡುತ್ತಾರೆ. ಡ್ಯೂಯಿ (ಲೈಬ್ರರಿ ಪುಸ್ತಕಗಳಿಗೆ ವಿಷಯವಾರು ಅಂಕೆ ಕೊಡುವ ಪದ್ಧತಿ) 598ರಲ್ಲಿ, ಅಂದರೆ ಹಕ್ಕಿಗಳ ಸಾಲಿನಲ್ಲಿ, ಯಾವುದಾದರೂ ಪುಸ್ತಕದ ಒಳಗೆ ಅದು ಇರಬಹುದು ಅನ್ನೋದು ಹೊಳೆಯುವುದಿಲ್ಲ. ಪದಸೂಚಿ (ಯಾವ ಪದ ಯಾವ ಪುಟದಲ್ಲಿದೆ ಅನ್ನೋ, ಪುಸ್ತಕದ ಕೊನೆಯ ಪಟ್ಟಿ) ಇದ್ದರೆ ಒಂದೇ ನಿಮಿಷದ ಕೆಲಸ. ಮಕ್ಕಳ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಪರಿವಿಡಿ ಮಾತ್ರ.

ಬೇಕಾಗಿರುವುದು: ಒತ್ತಕ್ಷರ, ಅನುಸ್ವಾರ ಬೆರೆತ ಜೋಡಣೆ ಚೀಟಿಗಳು ಯಾರ ಬಳಿಯಾದರೂ ಸಿದ್ಧವಿವೆಯೇ? ಕೊನೆಯಲ್ಲಿ ಪದಸೂಚಿ ಇರುವ, 100 ಪುಟದೊಳಗಿನ ಕನ್ನಡ ವಿಜ್ಞಾನ ಪುಸ್ತಕಗಳು ಯಾವುವು? ಪುಸ್ತಕ ಮುಚ್ಚಿಸಿ ಐದೇ ಪದ ಟಿಪ್ಪಣಿ ಬರೆಸಿದರೂ ಕೆಲವರು ಪ್ಯಾರಾ ಪೂರ್ತಿ ಇಳಿಸುತ್ತಾರೆ, ಅದಕ್ಕೂ ಉಪಾಯ ಇದ್ದರೆ ಹೇಳಿ. ಚೀಟಿಯ ಫೋಟೊ ಹಾಕಿದರೂ ಸಾಕು.